ಕಲ್ಲಿಗೂ ಉಸಿರಾಟ ಬೇಕು



ತಾಜ್ ಮಹಲಿನ ಬಿಳಿಯ ಅಮೃತಶಿಲೆ ಹಳದಿಗೆ ತಿರುಗಿದ ಸುದ್ದಿಯನ್ನು ನೀವು ಓದಿರುತ್ತೀರಿ. ಹೊಗೆಯ ಮಸಿಯೂ ಧೂಳೂ ಕಲ್ಲಿನ ಮೇಲೆ ಕೂರುತ್ತವೆ. ಗಾಳಿಯಲ್ಲಿರುವ ಗಂಧಕದ ಡೈಆಕ್ಸೈಡ್ ತೇವದೊಡನೆ ಸೇರಿ ಆಮ್ಲವಾಗಿ ಅಮೃತಶಿಲೆಯ ಹೊರಮೈಯನ್ನು ಜಿಪ್ಸಂ ಆಗಿ ಮಾರ್ಪಡಿಸುತ್ತದೆ. ಪುರಾತತ್ವ ಇಲಾಖೆಯವರು ಮುಲ್ತಾನಿ ಮಿಟ್ಟಿಯ ಲೇಪ ಹಚ್ಚಿ, ಅದು ಒಣಗಿದ ಮೇಲೆ ತೊಳೆಯುತ್ತಾರೆ. ಆದರೆ ಕೊಳೆ ಮತ್ತೆ ಕೂರುತ್ತದೆ. ಹಾಗಾದರೆ ಕಲ್ಲು ತನ್ನನ್ನು ತಾನೇ ತೊಳೆದುಕೊಳ್ಳುವಂತೆ ಮಾಡಬಹುದೇ?

ವಿಜ್ಞಾನ ಇದಕ್ಕೆ ಎರಡು ದಾರಿಗಳನ್ನು ತೋರಿಸಿದೆ. ಒಂದು ತಾವರೆ ಎಲೆಯ ದಾರಿ. ಎಲೆಯ ಮೇಲಿನ ಅತಿಸೂಕ್ಷ್ಮ ಉಬ್ಬುಗಳು ಮತ್ತು ಮೇಣದಿಂದಾಗಿ ನೀರು ಅಂಟದೆ ಉರುಳಿ, ಧೂಳನ್ನೂ ಒಯ್ಯುತ್ತದೆ. ಅಂಥ ಗುಣವುಳ್ಳ ಲೇಪಗಳಿವೆ. ಇನ್ನೊಂದು ಟೈಟಾನಿಯಂ ಡೈಆಕ್ಸೈಡಿನ ದಾರಿ. ಬೆಳಕು ಬಿದ್ದಾಗ ಈ ವಸ್ತು ನೀರನ್ನೇ ವಿಭಜಿಸಬಲ್ಲದೆಂದು 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಪ್ರಕಟಿಸಿದರು. ಇದರ ತೆಳುಲೇಪದ ಮೇಲೆ ಸೂರ್ಯನ ನೇರಳಾತೀತ ಕಿರಣ ಬಿದ್ದರೆ ಮಸಿ, ಜಿಡ್ಡು, ಪಾಚಿಯಂಥ ಸಾವಯವ ಕೊಳೆ ನಿಧಾನವಾಗಿ ಒಡೆಯುತ್ತದೆ. ಮಳೆನೀರು ಹನಿಗಟ್ಟದೆ ಹಾಳೆಯಂತೆ ಹರಡಿ ಉಳಿದದ್ದನ್ನು ತೊಳೆಯುತ್ತದೆ. ರೋಮಿನಲ್ಲಿ 2003ರಲ್ಲಿ ಪೂರ್ಣಗೊಂಡ ಜೂಬಿಲಿ ಚರ್ಚಿನ ಬಿಳಿಯ ಕಾಂಕ್ರೀಟಿಗೆ ಇದನ್ನೇ ಬೆರೆಸಲಾಗಿದೆ.

ಆದರೆ ಹೊಸ ಕಾಂಕ್ರೀಟಿಗೆ ಒಗ್ಗಿದ್ದು ಹಳೆಯ ಕಲ್ಲಿಗೆ ಒಗ್ಗಬೇಕೆಂದಿಲ್ಲ. ಕಲ್ಲಿನಲ್ಲಿ ಸಣ್ಣ ರಂಧ್ರಗಳಿವೆ. ನೆಲದಿಂದ ಏರಿದ ತೇವ ಅವುಗಳ ಮೂಲಕವೇ ಆವಿಯಾಗಬೇಕು. ಲೇಪವು ರಂಧ್ರ ಮುಚ್ಚಿದರೆ ತೇವದೊಳಗಿನ ಉಪ್ಪು ಲೇಪದ ಹಿಂದೆಯೇ ಹರಳುಗಟ್ಟಿ ಕಲ್ಲಿನ ಚಕ್ಕೆ ಏಳಿಸುತ್ತದೆ. ಬಿಸಿಲೂ ಮಳೆಯೂ ತಾಗದ ಒಳಗೋಡೆಯಲ್ಲಿ ಟೈಟಾನಿಯಂ ಲೇಪ ಹೆಚ್ಚು ಕೆಲಸ ಮಾಡದು. ಆದ್ದರಿಂದ ಯಾವ ಲೇಪವನ್ನಾದರೂ ಮೊದಲು ಅದೇ ಜಾತಿಯ ಬೇರೆ ಕಲ್ಲಿನ ಮೇಲೆ ಹಚ್ಚಿ, ಬಣ್ಣ ಕೆಡುವುದೇ, ತೇವ ಹೊರಬರುವುದೇ ಎಂದು ವರ್ಷಗಟ್ಟಲೆ ನೋಡಬೇಕು.

ಲೇಪಕ್ಕಿಂತ ಮೊದಲಿನ ಮದ್ದು ಶುದ್ಧ ಗಾಳಿ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತಾಜ್ ಸುತ್ತಲಿನ 292 ಕೈಗಾರಿಕೆಗಳಿಗೆ ಕಲ್ಲಿದ್ದಲು ಬಿಟ್ಟು ನೈಸರ್ಗಿಕ ಅನಿಲ ಬಳಸಿ, ಇಲ್ಲವೇ ಸ್ಥಳಾಂತರಗೊಳ್ಳಿ ಎಂದು ಆದೇಶಿಸಿದ್ದು ಇದಕ್ಕಾಗಿಯೇ.

ವಿದ್ಯಾರ್ಥಿಗಳೇ, ಈ ಮಾತು ಆಗ್ರಾಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ಊರುಗಳ ಹಳೆಯ ಮಸೀದಿ, ದರ್ಗಾ, ದೇಗುಲಗಳ ಕಲ್ಲಿಗೆ ಭಕ್ತಿಯಿಂದಲೇ ಆಯಿಲ್ ಪೇಂಟ್ ಬಳಿಯುವುದುಂಟು. ಅದೂ ಕಲ್ಲಿನ ಉಸಿರು ಕಟ್ಟುವ ಲೇಪವೇ. ನಾಳೆ ನಿಮ್ಮಲ್ಲಿ ಕೆಲವರು ಎಂಜಿನಿಯರುಗಳೂ ರಸಾಯನ ವಿಜ್ಞಾನಿಗಳೂ ಕಮಿಟಿಯ ಸದಸ್ಯರೂ ಆಗುವಿರಿ. ಡಬ್ಬದ ಮುಚ್ಚಳ ತೆರೆಯುವ ಮೊದಲು ಒಂದು ಪ್ರಶ್ನೆ ಕೇಳಿ: ಈ ಲೇಪದ ಕೆಳಗೆ ಕಲ್ಲು ಉಸಿರಾಡಬಲ್ಲದೇ?