ಅಮೆರಿಕದ ಕಾನೂನು ಓದು: ಹೊಲ ಮಾರುವ ಮೊದಲು

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)

 

ಕಳೆದ ಮಳೆಗಾಲದಲ್ಲಿ ಒಬ್ಬ ತಂದೆ ನಮ್ಮ ಮನೆಗೆ ಬಂದರು. ಮಗಳು ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿದ್ದಳು. "ಸರ, ಅಮೆರಿಕಾದಾಗ ಒಂದು ವರ್ಷ ಓದಿದ್ರ ಅಲ್ಲೇ ವಕೀಲಿ ಆಗ್ತಾಳಂತ. ನನ್ನ ಹತ್ರ ಮೂರು ಎಕರೆ ಮೆಕ್ಕೆಜೋಳದ ಹೊಲ ಐತಿ. ಮಾರ್ಲೇನ್ರಿ?" ಎಂದು ಕೇಳಿದರು. ನಾನು ಸಮಾಜ ವಿಜ್ಞಾನ ಕಲಿಸಿದವನು, ವಕೀಲನಲ್ಲ. "ಒಂದು ತಿಂಗಳು ತಡೀರಿ, ತಿಳ್ಕೊಂಡು ಹೇಳ್ತೀನಿ" ಎಂದೆ. ಆ ತಿಂಗಳಿಡೀ ಹುಡುಗಿಯೂ ನಾನೂ ಕುಳಿತು ಅಲ್ಲಿನ ವಿಶ್ವವಿದ್ಯಾಲಯಗಳ ನಿಯಮ, ವಕೀಲರ ಪರೀಕ್ಷೆಯ ನಿಯಮಗಳನ್ನು ಓದಿದೆವು. ಆಗ ತಿಳಿದದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಈ ಓದು ಏನೆಂದು ನೋಡೋಣ. ಅಮೆರಿಕದಲ್ಲಿ ವಕೀಲರಾಗುವ ಮಕ್ಕಳು ಒಂದು ಪದವಿ ಮುಗಿಸಿ, ಆಮೇಲೆ ಮೂರು ವರ್ಷ ಜೆಡಿ ಎಂಬ ಪದವಿ ಓದುತ್ತಾರೆ. ನಮ್ಮ ದೇಶದಲ್ಲಿ ಆಗಲೇ ಎಲ್‌ಎಲ್‌ಬಿ ಮುಗಿಸಿದವರಿಗೆ ಅಲ್ಲಿ ಬೇರೆ ಪದವಿ ಇದೆ, ಅದೇ ಎಲ್‌ಎಲ್‌ಎಂ. ಒಂದು ಶೈಕ್ಷಣಿಕ ವರ್ಷ, ಸಾಮಾನ್ಯವಾಗಿ 24 ಕ್ರೆಡಿಟ್‌ಗಳಷ್ಟು ಓದು. ಇದಕ್ಕೆ ಅಲ್ಲಿನ ಮಕ್ಕಳು ಬರೆಯುವ ಎಲ್‌ಸ್ಯಾಟ್ ಪರೀಕ್ಷೆ ಸಾಮಾನ್ಯವಾಗಿ ಬೇಕಿಲ್ಲ. ಎಲ್‌ಎಲ್‌ಬಿ ಅಂಕಪಟ್ಟಿ, ಇಂಗ್ಲಿಷ್ ಪರೀಕ್ಷೆಯ ಅಂಕ, ಗುರುಗಳ ಶಿಫಾರಸು ಪತ್ರ, ಏಕೆ ಓದಬೇಕೆಂದು ತಾನೇ ಬರೆದ ಒಂದು ಬರಹ, ಇಷ್ಟನ್ನು ಕೇಳುತ್ತಾರೆ.

ಈಗ ಆ ತಂದೆ ಕೇಳಿದ ಮಾತಿಗೆ ಬರುತ್ತೇನೆ. ಎಲ್‌ಎಲ್‌ಎಂ ಮುಗಿಸಿದ ಮಾತ್ರಕ್ಕೆ ಅಮೆರಿಕದಲ್ಲಿ ಯಾರೂ ವಕೀಲರಾಗುವುದಿಲ್ಲ. ಅಲ್ಲಿ 50 ರಾಜ್ಯಗಳಿವೆ. ವಕೀಲಿ ಮಾಡಲು ಯಾರು ಅರ್ಹರೆಂಬುದನ್ನು ಒಂದೊಂದು ರಾಜ್ಯವೂ ತಾನೇ ಗೊತ್ತು ಮಾಡುತ್ತದೆ, ತನ್ನ ಬಾರ್ ಪರೀಕ್ಷೆಯನ್ನು ಇಡುತ್ತದೆ. ಹೊರದೇಶದಲ್ಲಿ ಕಾನೂನು ಓದಿದವರಿಗೆ ಬಾಗಿಲು ಹೆಚ್ಚು ತೆರೆದಿರುವುದು ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ. ನ್ಯೂಯಾರ್ಕಿನ 520.6ನೇ ನಿಯಮ ಓದಿದಾಗ ನಮಗೇ ಆಶ್ಚರ್ಯವಾಯಿತು. ನಮ್ಮ ದೇಶದಂತೆ ಇಂಗ್ಲಿಷ್ ಕಾನೂನಿನ ಪರಂಪರೆ ಇರುವ ಕಡೆ, ಪೂರ್ಣಾವಧಿ ತರಗತಿಗೆ ಹೋಗಿ, ಅಲ್ಲಿನಷ್ಟೇ ಕಾಲ ಓದಿದವರನ್ನು ಎಲ್‌ಎಲ್‌ಎಂ ಇಲ್ಲದೆಯೇ ಪರೀಕ್ಷೆಗೆ ಬಿಡುವ ಅವಕಾಶ ಆ ನಿಯಮದಲ್ಲಿದೆ. ಅಲ್ಲಿನ ಮಂಡಳಿ ದಾಖಲೆಗಳನ್ನು ನೋಡಿ ತೀರ್ಮಾನಿಸುತ್ತದೆ. ಓದಿನ ಅವಧಿಯಲ್ಲೋ ವಿಷಯದಲ್ಲೋ ಕೊರತೆ ಇದ್ದರೆ ಎಲ್‌ಎಲ್‌ಎಂ ಅದನ್ನು ತುಂಬುತ್ತದೆ. ಕ್ಯಾಲಿಫೋರ್ನಿಯಾದಲ್ಲಿ, ತನ್ನ ದೇಶದಲ್ಲಿ ಆಗಲೇ ವಕೀಲನಾಗಿ ನೋಂದಾಯಿತನಾದವನು ಎಲ್‌ಎಲ್‌ಎಂ ಇಲ್ಲದೆ ಪರೀಕ್ಷೆ ಬರೆಯಬಹುದು. ಹಾಗಾದರೆ ಯಾವ ಹುಡುಗಿಗೆ ಈ ಓದು ಬೇಕು, ಯಾವ ಹುಡುಗಿಗೆ ಬೇಡ ಎಂಬುದು ಅವಳ ದಾಖಲೆಗಳ ಮೇಲೆ ನಿಂತಿದೆ. ಇದನ್ನು ಹೊಲ ಮಾರುವ ಮೊದಲು ಕೇಳಬೇಕು, ಮಾರಿದ ಮೇಲಲ್ಲ.

ಪರೀಕ್ಷೆ ಪಾಸಾದರೂ ಅಲ್ಲಿ ಕೆಲಸ ಮಾಡಲು ವೀಸಾ ಬೇಕು. ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ಓದು ಮುಗಿದ ಬಳಿಕ ಕೆಲಸಕ್ಕೆ ಸಾಮಾನ್ಯವಾಗಿ 12 ತಿಂಗಳ ಅವಕಾಶ. ಅದರಾಚೆ ಉಳಿಯಬೇಕಾದರೆ ಕೆಲಸ ಕೊಟ್ಟವರು ಮುಂದೆ ನಿಂತು ಬೇರೆ ವೀಸಾ ಮಾಡಿಸಬೇಕು. "ಅಲ್ಲೇ ದುಡಿದು ಸಾಲ ತೀರಿಸ್ತಾಳ" ಎಂದು ಲೆಕ್ಕ ಹಾಕುವವರು ಇದನ್ನು ನೆನಪಿಡಬೇಕು.

ಹಣದ ಮಾತು. ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೊಂದೇ 70,000 ಡಾಲರ್ ಮೀರುತ್ತದೆ. ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ ಅದು 59 ಲಕ್ಷ ಮೀರಿತು. ಊಟ, ವಸತಿ, ವಿಮೆ ಬೇರೆ. ಮೊದಲ ವರ್ಷದ ಖರ್ಚಿಗೆ ಹಣ ಇದೆ ಎಂದು ತೋರಿಸದೆ ವೀಸಾದ ಕಾಗದವೇ ಬರುವುದಿಲ್ಲ. ಮೂರು ಎಕರೆ ಅಲ್ಲ, ಹತ್ತು ಎಕರೆ ಮಾರಿದರೂ ನಮ್ಮ ಕಡೆಯ ಖುಷ್ಕಿ ಹೊಲಕ್ಕೆ ಅಷ್ಟು ಬರುವುದು ಕಷ್ಟ. ಬ್ಯಾಂಕ್ ಸಾಲ ಇದೆ, ಆದರೆ ಬಡ್ಡಿ ಇದೆ. ಬಡ್ಡಿಯ ಬಗ್ಗೆ ನಮ್ಮ ಮನೆಗಳಲ್ಲಿ ಇರುವ ಸಂಕೋಚ ನಿಮಗೆಲ್ಲ ಗೊತ್ತು. ಅಲ್ಪಸಂಖ್ಯಾತ ಮಕ್ಕಳ ವಿದೇಶಿ ಓದಿನ ಸಾಲಕ್ಕೆ ಬಡ್ಡಿ ನೆರವು ಕೊಡುತ್ತಿದ್ದ ಕೇಂದ್ರ ಸರ್ಕಾರದ 'ಪಢೋ ಪರದೇಶ್' ಯೋಜನೆ 2013-14ರಲ್ಲಿ ಶುರುವಾಗಿ 2022-23ರಿಂದ ನಿಂತುಹೋಗಿದೆ. ಹಳೆಯ ಕರಪತ್ರ ಹಿಡಿದು ಇನ್ನೂ ಅದನ್ನು ನಂಬಿದವರಿದ್ದಾರೆ.

ಹಾಗೆಂದು ದಾರಿ ಮುಚ್ಚಿಲ್ಲ. ಫುಲ್‌ಬ್ರೈಟ್-ನೆಹರು ಸ್ನಾತಕೋತ್ತರ ಫೆಲೋಶಿಪ್ ಇದೆ. ಅದರ ಪ್ರಕಟಣೆಗಳಲ್ಲಿ ಅಂತರರಾಷ್ಟ್ರೀಯ ಕಾನೂನು ಅಧ್ಯಯನವೂ ಒಂದು ವಿಷಯವಾಗಿ ಬಂದಿದೆ. ಅದಕ್ಕೆ ಕನಿಷ್ಠ ಮೂರು ವರ್ಷ ಪೂರ್ಣಾವಧಿ ಕೆಲಸ ಮಾಡಿರಬೇಕು, ಓದಿ ದೇಶಕ್ಕೆ ಮರಳಬೇಕು. ಇನ್‌ಲಾಕ್ಸ್ ವಿದ್ಯಾರ್ಥಿವೇತನ ಇದೆ. 1892ರಿಂದ ನಡೆದು ಬಂದಿರುವ ಜೆ. ಎನ್. ಟಾಟಾ ದತ್ತಿಯ ಸಾಲ ವಿದ್ಯಾರ್ಥಿವೇತನ ಇದೆ. ಕೆ. ಸಿ. ಮಹೀಂದ್ರ ಟ್ರಸ್ಟ್ ಬಡ್ಡಿಯಿಲ್ಲದ ಸಾಲ ಕೊಡುತ್ತದೆ. ನಮ್ಮ ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲೂ ವಿದೇಶಿ ವಿದ್ಯಾಭ್ಯಾಸದ ಸಾಲ ಯೋಜನೆ ಇದೆ. ಆಯಾ ವರ್ಷದ ಪ್ರಕಟಣೆ ನೋಡಿಯೇ ಅರ್ಜಿ ಹಾಕಿ.

ಇಷ್ಟು ಕಷ್ಟಪಟ್ಟು ಅಲ್ಲಿನ ಕಾನೂನು ಓದಿ ನಮಗೇನು ಎಂದು ಕೆಲವರು ಕೇಳಬಹುದು. ಪಾಠದಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಒಂದು ಸಂಗತಿ ಹೇಳುತ್ತೇನೆ. ಮಂಗಳೂರಿನಲ್ಲಿ 1887ರಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾವ್ ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದರು. 1947ರ ಕೊನೆಯ ತಿಂಗಳುಗಳಲ್ಲಿ ಅವರು ಅಮೆರಿಕಕ್ಕೂ ಹೋಗಿ, ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಾಧೀಶ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಭೇಟಿಯಾದರು. ಅವರ ಸಲಹೆ ನಮ್ಮ 21ನೇ ವಿಧಿಯ ಮಾತುಗಳ ಮೇಲೆಯೇ ಪ್ರಭಾವ ಬೀರಿತು. ಅಮೆರಿಕದ ಸಂವಿಧಾನದಲ್ಲಿರುವ 'ಡ್ಯೂ ಪ್ರಾಸೆಸ್' ಎಂಬ ಮಾತು ಬಿಟ್ಟುಹೋಗಿ 'ಕಾನೂನಿನಿಂದ ಸ್ಥಾಪಿತವಾದ ಪ್ರಕ್ರಿಯೆ' ಎಂಬ ಮಾತು ಬಂದಿತು.

ಅದೇ 21ನೇ ವಿಧಿಯ ಮೇಲೆ ಎಪ್ಪತ್ತು ವರ್ಷದ ನಂತರ ಇನ್ನೊಂದು ದೊಡ್ಡ ತೀರ್ಪು ಬಂದಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹಾಕಿದ ಅರ್ಜಿಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ತೀರ್ಪಿನಲ್ಲಿ ಅಮೆರಿಕದ ತೀರ್ಪುಗಳ, 1890ರಲ್ಲಿ ಹಾರ್ವರ್ಡಿನ ಕಾನೂನು ಪತ್ರಿಕೆಯಲ್ಲಿ ಬಂದ ಲೇಖನದ ಚರ್ಚೆ ಇದೆ. ಪೀಠದಲ್ಲಿದ್ದ ನ್ಯಾಯಮೂರ್ತಿ ಚಂದ್ರಚೂಡ್ ಇನ್‌ಲಾಕ್ಸ್ ವಿದ್ಯಾರ್ಥಿವೇತನದ ಮೇಲೆ ಹಾರ್ವರ್ಡಿನಲ್ಲಿ ಎಲ್‌ಎಲ್‌ಎಂ ಓದಿದವರು. ನ್ಯಾಯಮೂರ್ತಿ ನಾರಿಮನ್ ಅವರೂ ಅಲ್ಲೇ ಎಲ್‌ಎಲ್‌ಎಂ ಮಾಡಿದವರು. ಅದೇ ಪೀಠದಲ್ಲಿ ಅವರ ಸಮಕ್ಕೆ ಕುಳಿತಿದ್ದವರು ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್. ಮೂಡುಬಿದಿರೆ ಹತ್ತಿರದ ಬೆಳುವಾಯಿಯವರು, ಮಂಗಳೂರಿನ ಕಾನೂನು ಕಾಲೇಜಿನಲ್ಲಿ ಓದಿದವರು. ಚಂದ್ರಚೂಡ್ ಬರೆದ ತೀರ್ಪಿಗೆ ಅವರ ಸಹಿಯೂ ಇದೆ. ಅಮೆರಿಕದ ಓದು ಉಪಯೋಗಕ್ಕೆ ಬರುತ್ತದೆ ಎಂಬುದೂ, ಅದಿಲ್ಲದೆ ಊರಿನ ಕಾಲೇಜಿನಿಂದಲೇ ಆ ಪೀಠ ಮುಟ್ಟಬಹುದು ಎಂಬುದೂ ಎರಡೂ ಆ ಒಂದೇ ತೀರ್ಪಿನಲ್ಲಿವೆ.

ನಮ್ಮ ಕೋರ್ಟುಗಳಲ್ಲಿ ವಕೀಲಿ ಮಾಡಲು ಎಲ್‌ಎಲ್‌ಬಿ, ರಾಜ್ಯ ವಕೀಲರ ಪರಿಷತ್ತಿನ ನೋಂದಣಿ, ಅಖಿಲ ಭಾರತ ಬಾರ್ ಪರೀಕ್ಷೆ ಇವಿಷ್ಟು ಸಾಕು. ಎಲ್‌ಎಲ್‌ಎಂ ಬೇಕಿಲ್ಲ. ಅಲ್ಲಿ ಒಂದು ವರ್ಷ ಓದಿ ಬಂದು ಇಲ್ಲಿ ಕಾನೂನು ಕಾಲೇಜಿನಲ್ಲಿ ಕಲಿಸಬೇಕು ಎಂದುಕೊಂಡವರಿಗೆ ಒಂದು ಎಚ್ಚರಿಕೆ. ವಿದೇಶದ ಒಂದು ವರ್ಷದ ಎಲ್‌ಎಲ್‌ಎಂ ನಮ್ಮ ಎಲ್‌ಎಲ್‌ಎಂಗೆ ಸಮವಲ್ಲ ಎಂದು ಭಾರತೀಯ ವಕೀಲರ ಪರಿಷತ್ತು 2020ರ ನಿಯಮದಲ್ಲಿ ಹೇಳಿತು, ಅದು ಸುಪ್ರೀಂ ಕೋರ್ಟಿನ ಮುಂದೆಯೂ ಹೋಯಿತು. ಈಗಿನ ಸ್ಥಿತಿ ಏನೆಂದು ಬರವಣಿಗೆಯಲ್ಲಿ ಕೇಳಿಕೊಂಡೇ ಹೆಜ್ಜೆ ಇಡಿ.

ಇನ್ನು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಆ ಹುಡುಗಿಯ ದಾಖಲೆಗಳನ್ನು ಹರವಿದಾಗ ಹೆಸರು ಮೂರು ಕಡೆ ಮೂರು ಥರ ಇತ್ತು. ಎಸ್ಸೆಸ್ಸೆಲ್ಸಿಯಲ್ಲಿ ಒಂದು ಕಾಗುಣಿತ, ಆಧಾರಿನಲ್ಲಿ ಇನ್ನೊಂದು, ಪದವಿಯಲ್ಲಿ ತಂದೆಯ ಹೆಸರೂ ಸೇರಿ ಮತ್ತೊಂದು. ಇದಕ್ಕೆ ಮೂಲ ನಮ್ಮಂಥ ಶಿಕ್ಷಕರು. ದಾಖಲಾತಿ ದಿನ ತಾಯಿ ಬಾಯಲ್ಲಿ ಹೇಳಿದ ಹೆಸರನ್ನು ನಮಗೆ ತೋಚಿದಂತೆ ಬರೆದುಕೊಂಡೆವು. ನಾನೂ ಎಷ್ಟೋ ಮಕ್ಕಳ ಹೆಸರು ಹೀಗೆ ಬರೆದಿದ್ದೇನೆ. ಅಮೆರಿಕದ ಅರ್ಜಿಗೆ ಅಂಕಪಟ್ಟಿ ನಮ್ಮ ವಿಶ್ವವಿದ್ಯಾಲಯದಿಂದಲೇ ನೇರ ಹೋಗಬೇಕು. ಪಾಸ್‌ಪೋರ್ಟಿನ ಹೆಸರಿಗೂ ಅದಕ್ಕೂ ತಾಳೆಯಾಗದಿದ್ದರೆ ತಿಂಗಳುಗಟ್ಟಲೆ ನಿಲ್ಲುತ್ತದೆ. ತಾಯಂದಿರೇ, ಇವತ್ತೇ ಮನೆಗೆ ಹೋಗಿ ಮಕ್ಕಳ ಕಾಗದಗಳನ್ನು ಒಟ್ಟಿಗೆ ಇಟ್ಟು ನೋಡಿ. ಹತ್ತನೇ ತರಗತಿಗೆ ಮೊದಲು ತಿದ್ದಿಸುವುದು ಸುಲಭ.

ದಾನಿಗಳಲ್ಲಿ ನನ್ನದೊಂದು ವಿನಂತಿ. 59 ಲಕ್ಷ ಒಬ್ಬರಿಗೆ ಕೊಡುವ ಶಕ್ತಿ ನಮ್ಮ ಟ್ರಸ್ಟಿಗಿಲ್ಲ, ಕೊಡಬೇಕಾಗಿಯೂ ಇಲ್ಲ. ದೊಡ್ಡ ವಿದ್ಯಾರ್ಥಿವೇತನಗಳ ಬಾಗಿಲವರೆಗೆ ಮಗುವನ್ನು ಮುಟ್ಟಿಸುವ ಸಣ್ಣ ಖರ್ಚುಗಳಿವೆ: ಇಂಗ್ಲಿಷ್ ತರಬೇತಿ, ಪರೀಕ್ಷಾ ಶುಲ್ಕ, ಅರ್ಜಿ ಶುಲ್ಕ, ದಾಖಲೆ ತಿದ್ದುಪಡಿಗೆ ಓಡಾಟ, ಹಿರಿಯ ವಕೀಲರ ಬಳಿ ಸೇರಿದ ಮೊದಲ ವರ್ಷದ ರೂಮಿನ ಬಾಡಿಗೆ. ನಮ್ಮ ಕಡೆಯ ಮಕ್ಕಳು ಸೋಲುವುದು ಇಲ್ಲೇ. ಇದನ್ನು ಕರ್ಜೆ ಹಸನ, ಅಂದರೆ ಬಡ್ಡಿಯಿಲ್ಲದ ಸಾಲವಾಗಿ ಕೊಟ್ಟರೆ ಒಬ್ಬಳು ತೀರಿಸಿದ ಹಣ ಇನ್ನೊಬ್ಬಳಿಗೆ ಆಗುತ್ತದೆ. ಹೊಸ ಕಾನೂನು ಪದವೀಧರರಿಗೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಶಿಷ್ಯವೇತನವೂ ಇದೆ, ಅದನ್ನೂ ಬಿಡಬೇಡಿ.

ಆ ತಂದೆ ಹೊಲ ಮಾರಲಿಲ್ಲ. ಮಗಳು ನೋಂದಣಿ ಮಾಡಿಸಿ ಹಿರಿಯ ವಕೀಲರೊಬ್ಬರ ಬಳಿ ಸೇರಿದ್ದಾಳೆ, ಬೆಳಿಗ್ಗೆ ಕೋರ್ಟು, ರಾತ್ರಿ ಇಂಗ್ಲಿಷ್. ಮೂರು ವರ್ಷದ ಲೆಕ್ಕ ಶುರುವಾಗಿದೆ. ಹೋದರೆ ಹೊಲ ಉಳಿಸಿಕೊಂಡೇ ಹೋಗುತ್ತಾಳೆ, ಹೋಗದಿದ್ದರೂ ನಮ್ಮ ತಾಲ್ಲೂಕಿಗೆ ಒಬ್ಬ ಒಳ್ಳೆ ವಕೀಲೆ ಸಿಗುತ್ತಾಳೆ. ಇವತ್ತು ವಿದ್ಯಾರ್ಥಿವೇತನ ಪಡೆಯುವ ಮಕ್ಕಳೇ, ಯಾರೇ ಎಷ್ಟೇ ಆಸೆ ತೋರಿಸಲಿ, ನಿಯಮದ ಕಾಗದವನ್ನು ನೀವೇ ಓದಿ. ಅರ್ಥವಾಗದಿದ್ದರೆ ನನ್ನ ಮನೆಯ ಬಾಗಿಲು ತೆರೆದಿದೆ.