ಚಿಕ್ಕ ಬಯಲಿನಲ್ಲಿ ವಿಮಾನ ಇಳಿಸುವ ಲೆಕ್ಕ



ಅಮೆರಿಕದಲ್ಲಿ ಕಿಟ್ ತರಿಸಿ, ಮನೆಯಲ್ಲೇ ಸಣ್ಣ ವಿಮಾನ ಕಟ್ಟಿ ಹಾರಿಸುವವರು ಬಹಳ ಮಂದಿ ಇದ್ದಾರೆ. ಕ್ರಿಸ್ ಹೈಂಟ್ಸ್ ರೂಪಿಸಿದ ಝೆನಿತ್ ಸಿ.ಎಚ್. 701 ಅಂಥದೊಂದು ವಿಮಾನ. ರೆಕ್ಕೆಯ ಮುಂಭಾಗದಲ್ಲಿರುವ ಸ್ಲ್ಯಾಟ್ ಎಂಬ ಪಟ್ಟಿಯಿಂದಾಗಿ ಅದು ಬಹಳ ನಿಧಾನವಾಗಿ ಹಾರಬಲ್ಲದು. ಆದ್ದರಿಂದಲೇ ಚಿಕ್ಕ ಬಯಲಿನಲ್ಲೂ ಇಳಿಯಬಲ್ಲದು.

ಬ್ರೇಕ್ ಗಟ್ಟಿಯಿದ್ದರೆ ಸಾಕು ಎಂದು ನೀವು ಭಾವಿಸಬಹುದು. ಆದರೆ ನಿಲ್ಲಲು ಬೇಕಾಗುವ ದೂರ, ನೆಲದ ಮೇಲಿನ ವೇಗದ ವರ್ಗದಂತೆ ಬೆಳೆಯುತ್ತದೆ. ವೇಗ ಶೇಕಡಾ 10 ಹೆಚ್ಚಿದರೆ ದೂರ ಶೇಕಡಾ 21 ಹೆಚ್ಚುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಇಳಿಯುವ ವಿಮಾನಕ್ಕೆ 15 ಕಿ.ಮೀ. ಎದುರುಗಾಳಿಯಿದ್ದರೆ ನೆಲದ ಮೇಲಿನ ವೇಗ 45. ಅದೇ ಗಾಳಿ ಹಿಂದಿನಿಂದ ಬೀಸಿದರೆ 75. ಆಗ ಸುಮಾರು ಎರಡೂಮುಕ್ಕಾಲು ಪಟ್ಟು ಜಾಗ ಬೇಕು!

ಹಾಗೆಂದು ವೇಗವನ್ನು ತೀರಾ ಇಳಿಸಿದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು ವಿಮಾನ ಕುಸಿಯುತ್ತದೆ. ಆದ್ದರಿಂದ ಆ ಕುಸಿತದ ವೇಗಕ್ಕಿಂತ ಸುಮಾರು 1.3 ಪಟ್ಟು ವೇಗದಲ್ಲಿ ಇಳಿಯಲು ಬರುವುದು ವಾಡಿಕೆ. ವಿಮಾನದ ಭಾರ ಹೆಚ್ಚಿದಂತೆ ಕುಸಿತದ ವೇಗವೂ ಏರುತ್ತದೆ. ಹೀಗಾಗಿ ಕಂಪೆನಿಯ ಪುಸ್ತಿಕೆಯ ಅಂಕಿಯನ್ನೇ ನಂಬದೆ, ಕಟ್ಟಿದವನು ಉದ್ದನೆಯ ರನ್‌ವೇಯಲ್ಲಿ ಹಲವು ಸಲ ಇಳಿದು, ತನ್ನ ವಿಮಾನದ ದೂರವನ್ನು ತಾನೇ ಅಳೆದು ಬರೆದಿಡಬೇಕು.

ಅಲಾಸ್ಕದ ವಾಲ್ಡೆಜ್ ಸ್ಪರ್ಧೆಯಲ್ಲಿ ಗೆರೆಗಿಂತ ಮೊದಲೇ ಚಕ್ರ ನೆಲ ಮುಟ್ಟಿದರೆ ಆ ಇಳಿತ ಲೆಕ್ಕಕ್ಕಿಲ್ಲ. ನಿಜವಾದ ಬಯಲಿನಲ್ಲಿ ಗೆರೆಯ ಜಾಗದಲ್ಲಿ ಬೇಲಿಯೋ ಮರವೋ ಇರುತ್ತದೆ. ಅಂದಾಜು ತಪ್ಪಿತೆಂದು ಕಂಡೊಡನೆ ಮತ್ತೆ ಮೇಲೇರಿ ಸುತ್ತಿಬರುವುದು ಸೋಲಲ್ಲ ವಿದ್ಯಾರ್ಥಿಗಳೇ. ಪಕ್ಕದಲ್ಲಿ ಕುಳಿತವರ ಜೀವಕ್ಕೆ ಕೊಡುವ ಬೆಲೆ ಅದು.