ಗೊತ್ತಿದ್ದೂ ತಿದ್ದದ ತಪ್ಪು ಯಾರ ಲೆಕ್ಕಕ್ಕೆ?



ಈ ಕೃಷಿಕ ಸಮ್ಮೇಳನದ ಅಧ್ಯಕ್ಷ ಸ್ಥಾನದಿಂದ ಮಾತನಾಡುತ್ತಿದ್ದೇನೆ. ಅಡಿಕೆಯ ಧಾರಣೆ, ಎಲೆಚುಕ್ಕಿ ರೋಗ, ಕೆಲಸಕ್ಕೆ ಜನ ಸಿಗದಿರುವುದು, ಇವನ್ನೆಲ್ಲ ಮುಂದಿನ ಗೋಷ್ಠಿಗಳಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಚರ್ಚಿಸಲಿದ್ದಾರೆ. ನಾನು ಇಂದು ಒಂದೇ ವಿಷಯ ಎತ್ತಿಕೊಳ್ಳುತ್ತೇನೆ. ಅದು ಹಳೆಯ ವಿಷಯವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ಗೇರು ಗುಡ್ಡಗಳ ಬುಡದಲ್ಲಿರುವ ಎಷ್ಟೋ ಮನೆಗಳಲ್ಲಿ ಅದು ಇವತ್ತಿಗೂ ಚಾಪೆಯ ಮೇಲೆ ಮಲಗಿದೆ, ತುತ್ತು ಉಣ್ಣಿಸುವ ಕೈಗಾಗಿ ಕಾಯುತ್ತಿದೆ. ನಾನು ಹೇಳುತ್ತಿರುವುದು ಎಂಡೋಸಲ್ಫಾನ್ ಬಗ್ಗೆ.

ಕಾಸರಗೋಡಿನಲ್ಲಿ ಕೇರಳದ ತೋಟಗಾರಿಕಾ ನಿಗಮಕ್ಕೆ ಸಾವಿರಾರು ಹೆಕ್ಟೇರ್ ಗೇರುತೋಟವಿದೆ. ಗೇರಿನ ಚಿಗುರು, ಹೂ, ಎಳೆಬೀಜದಿಂದ ರಸ ಹೀರುವ ಟೀ ಸೊಳ್ಳೆಯ ಕಾಟ ಎಂಥದ್ದೆಂದು ಇಲ್ಲಿರುವವರಿಗೆ ನಾನು ವಿವರಿಸಬೇಕಾಗಿಲ್ಲ. ಅದು ಬಿದ್ದ ವರ್ಷ ಹೂಗೊಂಚಲು ಸುಟ್ಟಂತೆ ಕರಟಿಹೋಗುತ್ತದೆ. ಅದನ್ನು ತಡೆಯಲು 1970ರ ದಶಕದ ಕೊನೆಯ ಹೊತ್ತಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸುವ ಕ್ರಮ ಶುರುವಾಯಿತು. ಅದು 2000ದ ಕೊನೆಯವರೆಗೂ, ಅಂದರೆ ಎರಡು ದಶಕಗಳಿಗೂ ಮಿಕ್ಕಿ ನಡೆಯಿತು. ಗಡಿಯ ಈಚೆ, ನಮ್ಮ ದಕ್ಷಿಣ ಕನ್ನಡದಲ್ಲಿ, ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ನೆಡುತೋಪುಗಳ ಮೇಲೂ ಇದೇ ಔಷಧಿ ಆಕಾಶದಿಂದ ಬಿತ್ತು. ಕೊಕ್ಕಡ, ಪಟ್ರಮೆ, ನಿಡ್ಲೆಯ ಜನ ಅದನ್ನು ಮರೆತಿಲ್ಲ.

ರೋಗಕ್ಕೂ ರಾಸಾಯನಿಕಕ್ಕೂ ಸಂಬಂಧವಿದೆಯೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮೊದಲಿನ ತಪ್ಪೊಂದಿದೆ, ಅದರ ಬಗ್ಗೆ ವಾದಕ್ಕೆ ಎಡೆಯೇ ಇಲ್ಲ. ಆಕಾಶದಿಂದ ಸಿಂಪಡಿಸಲು ನಿಯಮಗಳಿದ್ದವು. ಮರದ ತಲೆಯಿಂದ ಎರಡು ಮೂರು ಮೀಟರ್ ಎತ್ತರದಲ್ಲಷ್ಟೇ ಹಾರಬೇಕು, ಸುತ್ತಲಿನ ನೀರಿನ ಮೂಲಗಳನ್ನು ಮುಚ್ಚಿಸಬೇಕು ಎಂಬವು ಅವುಗಳಲ್ಲಿ ಮುಖ್ಯವಾದವು. ನಮ್ಮ ಊರುಗಳ ನೆಲ ಹೇಗಿದೆ ನೋಡಿ. ಮೇಲೆ ಮುರಕಲ್ಲಿನ ಪದವು, ಅದರ ಇಳಿಜಾರಿನಲ್ಲಿ ಗೇರು, ಕೆಳಗೆ ಅಡಿಕೆತೋಟ, ತೋಟದ ನಡುವೆ ಹರಿಯುವ ತೋಡು. ಒಂದೇ ಗುಡ್ಡದಲ್ಲಿ ಮರದಿಂದ ಮರಕ್ಕೆ ಎತ್ತರ ಏರಿಳಿಯುತ್ತದೆ. ಅಲ್ಲಿ ಮರದ ತಲೆಯನ್ನು ಸವರಿದಂತೆ ಹೆಲಿಕಾಪ್ಟರ್ ಹಾರಿಸಲು ಸಾಧ್ಯವೇ ಇರಲಿಲ್ಲ. ಎತ್ತರದಲ್ಲಿ ಬಿಟ್ಟ ಔಷಧಿ ಮಂಜಿನಂತೆ ಗಾಳಿಯಲ್ಲಿ ತೇಲಿ ಕಣಿವೆಗೆ ಇಳಿಯಿತು.

ಇನ್ನು ನೀರು. ಕಾಸರಗೋಡಿನ ಎನ್ಮಕಜೆ, ಪಡ್ರೆ, ಸ್ವರ್ಗ, ವಾಣಿನಗರದ ಮನೆಗಳು ತಲೆತಲಾಂತರದಿಂದ ಕುಡಿದದ್ದು ಸುರಂಗದ ನೀರು. ಗುಡ್ಡದ ಹೊಟ್ಟೆಯಲ್ಲಿ ಅಡ್ಡಕ್ಕೆ ಕೊರೆದ ಸುರಂಗದಿಂದ ನೀರು ತಾನಾಗಿ ಹರಿದು ಬಂದು ತೆರೆದ ಹೊಂಡದಲ್ಲಿ ನಿಲ್ಲುತ್ತದೆ. ಬಾವಿಗಾದರೂ ಮಡಲು ಹೊದಿಸಬಹುದು. ತೋಡನ್ನು, ಕಟ್ಟವನ್ನು, ಮದಕವನ್ನು ಯಾವುದರಿಂದ ಮುಚ್ಚುತ್ತೀರಿ? ಆ ನಿಯಮ ಈ ನೆಲದಲ್ಲಿ ಪಾಲಿಸಲಾಗದ್ದು ಎಂಬುದು ಒಮ್ಮೆ ಗುಡ್ಡ ಹತ್ತಿ ಇಳಿದವರಿಗೆಲ್ಲ ಕಾಣುವಂಥದ್ದು. ತಪ್ಪು ಗೊತ್ತಿತ್ತು ಎಂದು ನಾನು ಹೇಳುವುದು ಈ ಅರ್ಥದಲ್ಲಿ. ಅದನ್ನು ಅರಿಯಲು ಪ್ರಯೋಗಾಲಯ ಬೇಕಿರಲಿಲ್ಲ.

ಹೇಳುವವರೂ ಇದ್ದರು. 1980ರ ದಶಕದ ಆರಂಭದಲ್ಲೇ, ಊರಿನ ಕರುಗಳು ಅಂಗವಿಕಲವಾಗಿ ಹುಟ್ಟುತ್ತಿವೆ, ಔಷಧಿಯ ಮೇಲೆ ಅನುಮಾನವಿದೆ ಎಂದು ಪಡ್ರೆಯ ಕೃಷಿಕ, ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. ದನ ಸಾಕಿದವರಿಗೆ ಕರುವಿನ ಕಾಲು ಸೊಟ್ಟಗಾದರೆ ಕಣ್ಣಿಗೆ ಬೀಳದಿರುತ್ತದೆಯೇ? ವಾಣಿನಗರದಲ್ಲಿ ಚಿಕಿತ್ಸಾಲಯ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡುತ್ತ ನೋಡುತ್ತ ಒಂದು ಸಂಗತಿ ಗಮನಿಸಿದರು. ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟಿನಿಂದ ಬಂದ ಅಂಗವೈಕಲ್ಯ, ಕ್ಯಾನ್ಸರ್, ಇವು ಅಷ್ಟು ಸಣ್ಣ ಜಾಗದಲ್ಲಿ ಅಷ್ಟೊಂದು ಸಂಖ್ಯೆಯಲ್ಲಿ ಯಾಕಿವೆ? ಅವರು ರೋಗಿಗಳ ಮನೆಗಳನ್ನು ಗುರುತಿಸುತ್ತ ಹೋದರು. ವೈದ್ಯಕೀಯ ಲೋಕಕ್ಕೆ ಪತ್ರ ಬರೆದರು, ತನಿಖೆಯಾಗಲಿ ಎಂದು ಕೇಳಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗದಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋಗಿ ತಮ್ಮ ಊರಿನ ಮಟ್ಟಿಗೆ ತಡೆ ತಂದರು. ಇಲಾಖೆಯ ಒಳಗಿದ್ದುಕೊಂಡೇ ಹಾಗೆ ಮಾಡಲು ಎಷ್ಟು ಎದೆಗಾರಿಕೆ ಬೇಕು! ಈ ಮೂವರನ್ನು ನಾನು ಈ ವೇದಿಕೆಯಿಂದ ಕೈಮುಗಿದು ನೆನೆಯುತ್ತೇನೆ.

ಮೊದಲ ಬರಹಕ್ಕೂ ಕೊನೆಯ ಹಾರಾಟಕ್ಕೂ ನಡುವೆ ಸುಮಾರು ಇಪ್ಪತ್ತು ವರ್ಷ. ಆ ಅವಧಿಯಲ್ಲಿ ಹುಟ್ಟಿದ ಮಕ್ಕಳನ್ನು ನೆನೆದುಕೊಳ್ಳಿ. ಆ ದೂರು ಬಂದ ವರ್ಷವೇ, ಬೇಡ, ಐದು ವರ್ಷ ತಡವಾಗಿಯಾದರೂ, ಹೆಲಿಕಾಪ್ಟರ್ ನಿಲ್ಲಿಸಿ ಕೈಪಂಪು ಹಿಡಿದಿದ್ದರೆ ನಿಗಮಕ್ಕೆ ಆಗುತ್ತಿದ್ದ ನಷ್ಟವೆಷ್ಟು? ಒಂದಷ್ಟು ಕೂಲಿ, ಒಂದಷ್ಟು ಗೇರುಬೀಜ.

ತಪ್ಪನ್ನು ತಿದ್ದಿಕೊಳ್ಳದೆ ಸಮರ್ಥಿಸಿಕೊಳ್ಳಲು ಹೊರಟರೆ ಏನಾಗುತ್ತದೆ ಎಂಬುದನ್ನು ನಾವು ಇಲ್ಲಿ ಹಂತಹಂತವಾಗಿ ಕಂಡಿದ್ದೇವೆ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಜನರ ರಕ್ತ ಪರೀಕ್ಷಿಸಿ ವಿಷದ ಉಳಿಕೆ ಇದೆ ಎಂದಿತು. ಕೂಡಲೇ ಕೇರಳದ ನಿಗಮವೇ ಇನ್ನೊಂದು ಸಂಸ್ಥೆಯಿಂದ ಪರೀಕ್ಷೆ ಮಾಡಿಸಿ, ಇಲ್ಲ ಎನ್ನಿಸಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಮಕ್ಕಳನ್ನು ಬೇರೆ ಊರಿನ ಮಕ್ಕಳೊಂದಿಗೆ ಹೋಲಿಸಿ, ಇಲ್ಲಿ ತೊಂದರೆ ಹೆಚ್ಚಿದೆ ಎಂದು 2002ರಲ್ಲಿ ವರದಿ ಕೊಟ್ಟಿತು. ಆಮೇಲೆ ಕೇಂದ್ರದ ಸಮಿತಿಗಳು ಕೂತು, ಸಂಬಂಧ ಸಾಬೀತಾಗಿಲ್ಲ ಎಂದವು. ಒಂದು ಸಮಿತಿಗೆ ಉತ್ತರವಾಗಿ ಇನ್ನೊಂದು ಸಮಿತಿ. ಈ ಓಡಾಟದಲ್ಲಿ ಎಲ್ಲಕ್ಕಿಂತ ದೊಡ್ಡ ಅನ್ಯಾಯವೊಂದು ಸದ್ದಿಲ್ಲದೆ ನಡೆದುಹೋಯಿತು. ನಿಯಮ ಮುರಿದವರು ಲೆಕ್ಕ ಒಪ್ಪಿಸುವ ಬದಲು, ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದ ತಾಯಿ ಸಾಕ್ಷ್ಯ ಒದಗಿಸಬೇಕಾಯಿತು. ತನ್ನ ಮಗುವಿನ ಕಾಯಿಲೆಗೆ ಇದೇ ಕಾರಣವೆಂದು ಅವಳು ಹೇಗೆ ರುಜುವಾತು ಮಾಡಿಯಾಳು?

ವಿಜ್ಞಾನಿಗಳಲ್ಲಿ ಪ್ರಾಮಾಣಿಕವಾಗಿಯೇ ಭಿನ್ನಮತ ಇಟ್ಟುಕೊಂಡವರು ಇದ್ದಾರೆ. ಇಂಥ ಮಗುವಿನ ಇಂಥ ರೋಗಕ್ಕೆ ಇದೇ ಕಾರಣ ಎಂದು ಒಂದೊಂದಾಗಿ ತೋರಿಸುವುದು ಕಷ್ಟ ಎಂಬ ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅನುಮಾನ ಬಂದ ದಿನ ಸಿಂಪಡಣೆ ನಿಲ್ಲಿಸಿ, ಊರಿನ ಆರೋಗ್ಯದ ದಾಖಲೆ ಬರೆದಿಡುತ್ತ ಬಂದಿದ್ದರೆ ಆ ಪ್ರಶ್ನೆಗೆ ಇಂದು ಗಟ್ಟಿ ಉತ್ತರ ಇರುತ್ತಿತ್ತು. ತಪ್ಪನ್ನು ಮುಚ್ಚಿಟ್ಟವರು ವಿಜ್ಞಾನದ ದಾರಿಯನ್ನೂ ಮುಚ್ಚಿದರು.

ದೇಶದ ಮಟ್ಟದಲ್ಲೂ ಹಟ ಮುಂದುವರಿಯಿತು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಸೇರಿ ಎಂಡೋಸಲ್ಫಾನನ್ನು ಜಗತ್ತಿನಾದ್ಯಂತ ಕೈಬಿಡಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಕೊನೆಗಳಿಗೆಯವರೆಗೂ ಅದನ್ನು ವಿರೋಧಿಸಿ ನಿಂತದ್ದು ನಮ್ಮ ಭಾರತ. ಕರ್ನಾಟಕ ಸರ್ಕಾರ ಅದೇ ವರ್ಷದ ಫೆಬ್ರವರಿಯಲ್ಲಿ ರಾಜ್ಯದಲ್ಲಿ ನಿಷೇಧ ಹೇರಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಮೇ 13ರಂದು ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ತಡೆ ಹಾಕಿತು.

ಅಲ್ಲಿಗಾದರೂ ಮುಗಿಯಿತೇ? 2017ರ ಜನವರಿಯಲ್ಲಿ ಅದೇ ನ್ಯಾಯಾಲಯ, ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದಿತು. ಐದು ವರ್ಷ ಕಳೆದು 2022ರಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ವಿಚಾರಣೆಗೆ ಬಂದಾಗ ನೋಡಿದರೆ, 3,704 ಮಂದಿಯಲ್ಲಿ ಹಣ ತಲುಪಿದ್ದು ಎಂಟು ಮಂದಿಗೆ. ಆ ಎಂಟು ಮಂದಿ ಯಾರು? ಕೋರ್ಟಿನ ಮೆಟ್ಟಿಲು ಹತ್ತಿದವರು. ಅತ್ತ ನಿಗಮದ ಗೋದಾಮುಗಳಲ್ಲಿ ಉಳಿದ ಎಂಡೋಸಲ್ಫಾನ್ ವರ್ಷಗಟ್ಟಲೆ ಡ್ರಮ್ಮುಗಳಲ್ಲಿ ಬಿದ್ದಿತ್ತು. ಡ್ರಮ್ಮುಗಳು ತುಕ್ಕು ಹಿಡಿದು, ಸೋರುವ ಭಯ ಹುಟ್ಟಿದ ಮೇಲೆ ಅದನ್ನು ಬೇರೆ ಡ್ರಮ್ಮುಗಳಿಗೆ ಸುರಿದು ಇಡಬೇಕಾಯಿತು.

ಈಚೆಯ ನಮ್ಮ ಕಡೆ ಕೊಕ್ಕಡದಲ್ಲೂ ಕೊಯಿಲದಲ್ಲೂ ಸಂತ್ರಸ್ತರ ಪಾಲನಾ ಕೇಂದ್ರಗಳಿವೆ, ಮಾಸಾಶನವಿದೆ. ಒಳ್ಳೆಯದೇ. ಆದರೆ ಆ ಮಕ್ಕಳು ಈಗ ಮಕ್ಕಳಲ್ಲ. ಮೂವತ್ತು ನಲವತ್ತು ದಾಟಿದವರಿದ್ದಾರೆ. ಬೆಳೆದ ಮೈಯನ್ನು ಎತ್ತಿ ಸ್ನಾನ ಮಾಡಿಸುವ ತಾಯಿಗೆ ಅರವತ್ತು ಎಪ್ಪತ್ತಾಗಿದೆ, ಅವಳ ಸೊಂಟ ಬಿದ್ದುಹೋಗಿದೆ. ಮದುವೆಗೆ ಹೋಗುವ ಹಾಗಿಲ್ಲ, ಜಾತ್ರೆಗೆ ಹೋಗುವ ಹಾಗಿಲ್ಲ, ಜ್ವರ ಬಂದರೆ ಮಲಗುವ ಹಾಗಿಲ್ಲ. 'ನಾನು ಹೋದ ಮೇಲೆ ಇವನನ್ನು ಯಾರು ನೋಡಿಕೊಳ್ತಾರೆ?' ಎಂಬ ಪ್ರಶ್ನೆಯನ್ನು ಈ ಮನೆಗಳಿಗೆ ಹೋದವರೆಲ್ಲ ಆ ತಾಯಂದಿರ ಬಾಯಿಂದ ಕೇಳಿಸಿಕೊಂಡಿದ್ದಾರೆ. ಬೆಳಿಗ್ಗೆ ಕರೆದೊಯ್ದು ಸಂಜೆ ಮನೆಗೆ ಬಿಡುವ ಕೇಂದ್ರದಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ತಂದೆತಾಯಿ ಇಲ್ಲದವರಿಗೆ ಕೊನೆಯವರೆಗೂ ನೆಲೆ ಕೊಡುವ ಶಾಶ್ವತ ಪುನರ್ವಸತಿ ಬೇಕೆಂಬ ಬೇಡಿಕೆ ತುಂಬ ಹಳೆಯದು. ಅದನ್ನು ನಾವು ಮತ್ತೆ ಮತ್ತೆ ಗಟ್ಟಿಯಾಗಿ ಹೇಳಬೇಕು.

ಇನ್ನೊಂದು ಮಾತು ನಮಗೇ ಸಂಬಂಧಪಟ್ಟದ್ದು. ಎಂಡೋಸಲ್ಫಾನನ್ನು ಗೇರಿಗೆ ಸಿಂಪಡಿಸಿ ಎಂದು ಒಂದು ಕಾಲದಲ್ಲಿ ಕೃಷಿ ಕೈಪಿಡಿಗಳೇ ಹೇಳುತ್ತಿದ್ದವು. ನಿಷೇಧ ಬಂದ ಮೇಲೆ ಹೊಸ ಮುದ್ರಣದಲ್ಲಿ ಆ ಹೆಸರು ಇರಲಿಲ್ಲ, ಬೇರೊಂದು ಔಷಧಿಯ ಹೆಸರು ಇತ್ತು. ನಾವು ಹಿಂದೆ ಕೊಟ್ಟ ಸಲಹೆ ಇಂಥ ಕಾರಣಕ್ಕೆ ತಪ್ಪಾಗಿತ್ತು, ಬಳಸಿದವರು ಇಂಥ ಎಚ್ಚರ ವಹಿಸಿ ಎಂದು ರೈತರ ಮನೆಬಾಗಿಲಿಗೆ ಬಂದು ಹೇಳಿದವರಿಲ್ಲ. ಒಂದು ಔಷಧಿ ಹೋಗಿ ಇನ್ನೊಂದು ಬರುವಾಗಲೆಲ್ಲ ಹೀಗೆಯೇ ಆಗುತ್ತಿದೆ. ಅಂಗಡಿಯವನು ಕೊಟ್ಟ ಹೊಸ ಡಬ್ಬಿಯನ್ನು ನಾವೂ ಪ್ರಶ್ನಿಸದೆ ತರುತ್ತೇವೆ, ಕೆಲಸದವನ ಬೆನ್ನಿಗೆ ಪಂಪು ಏರಿಸುತ್ತೇವೆ. ಅವನ ಕೈಗೆ ಗವಸು ಇದೆಯೇ, ಮೂಗಿಗೆ ಬಟ್ಟೆ ಇದೆಯೇ ಎಂದು ನೋಡುವವರು ನಮ್ಮಲ್ಲಿ ಎಷ್ಟು ಮಂದಿ? ನಿಗಮವನ್ನು ಕೇಳಿದ ಪ್ರಶ್ನೆಯನ್ನು ನಮ್ಮ ತೋಟದಲ್ಲೂ ಕೇಳಿಕೊಳ್ಳಬೇಕಾಗಿದೆ.

ಆದ್ದರಿಂದ ನಾಳೆಯ ಸಮಾರೋಪದಲ್ಲಿ ಮೂರು ನಿರ್ಣಯಗಳನ್ನು ನಿಮ್ಮ ಮುಂದಿಡಲು ಸಂಘಟಕರನ್ನು ಕೋರಿದ್ದೇನೆ. ಎರಡೂ ರಾಜ್ಯಗಳ ನಿಗಮಗಳು ಯಾವ ವರ್ಷ, ಯಾವ ಗುಡ್ಡದ ಮೇಲೆ, ಎಷ್ಟು ಸಿಂಪಡಿಸಿದವು ಎಂಬ ಕಡತಗಳನ್ನು ಸಾರ್ವಜನಿಕರ ಮುಂದಿಡಬೇಕು. ಕಾಸರಗೋಡಿನಲ್ಲೂ ದಕ್ಷಿಣ ಕನ್ನಡದಲ್ಲೂ ಸಂತ್ರಸ್ತರಿಗೆ ಶಾಶ್ವತ ನೆಲೆ ಕಟ್ಟಿಸಬೇಕು. ಕೃಷಿ ವಿಶ್ವವಿದ್ಯಾಲಯಗಳೂ ಇಲಾಖೆಯೂ ಹಿಂದೆಗೆದುಕೊಂಡ ಶಿಫಾರಸುಗಳ ಪಟ್ಟಿಯನ್ನು, ಕಾರಣ ಸಹಿತ, ಪ್ರತಿವರ್ಷ ಕನ್ನಡದಲ್ಲಿ ಅಚ್ಚು ಹಾಕಿಸಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಮೂರನೆಯದು ಸಣ್ಣ ಬೇಡಿಕೆಯಂತೆ ಕಾಣಬಹುದು, ಆದರೆ ಅದನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವೆಂದು ನನಗೆ ತೋರುತ್ತದೆ. ನಿರ್ಣಯ ಅಂಗೀಕಾರವಾದರೆ ಮುಂದಿನ ತಿಂಗಳು ಅದನ್ನು ಹಿಡಿದು ಮಂಗಳೂರಿಗೂ ಕಾಸರಗೋಡಿಗೂ ಹೋಗುವ ತಂಡದಲ್ಲಿ ನಾನಿರುತ್ತೇನೆ. ಜೊತೆಗೆ ಬರುವವರು ಊಟದ ವೇಳೆಯಲ್ಲಿ ಹೆಸರು ಬರೆಸಿ.